ದಪ್ಪ ಪುಸ್ತಕ ಕಂಡ್ರ ಕೈ ಹಿಂದ ತಗಿಯೋರಿಗೆ: ಪುಸ್ತಕದ ಉದ್ದ ಅಳಿಯೋದು ಹೆಂಗ, ಓದಿ ಮುಗಸೋದು ಹೆಂಗ

ಪುಸ್ತಕದಂಗಡಿ ಮುಂದ ನಿಂತು ಒಂದೀಟು ಹೊತ್ತು ಮಂದಿನ ನೋಡ್ರಿ. ಕೊಪ್ಪಳದ ಗವಿಮಠದ ಜಾತ್ರಿ ಆಗ್ಲಿ, ಬಳ್ಳಾರಿ ರಾಯಚೂರಿನ ಯಾವುದರ ಪುಸ್ತಕ ಮೇಳ ಆಗ್ಲಿ, ಎಲ್ಲಾ ಕಡೆ ಅದೇ ಆಟ. ಪುಸ್ತಕ ಎತ್ತತಾರ, ಮುಖಪುಟ ನೋಡ್ತಾರ, ಆಮ್ಯಾಲ ಸೀದಾ ಕಡೀ ಪುಟಕ್ಕ ಹೋಗಿ ನಂಬರ್ ನೋಡ್ತಾರ. 640 ಅಂತ ಇತ್ತಂದ್ರ "ಯಪ್ಪಾ, ಇದನ್ನ ಯಾವಾಗ ಓದೋದು" ಅಂತ ಇಟ್ಟು ಬಿಡ್ತಾರ. 96 ಅಂತ ಇತ್ತಂದ್ರ ಹಿಂದ ತಿರುವಿ ರೇಟ್ ನೋಡಿ "ಇಷ್ಟು ತೆಳ್ಳಗ ಐತಿ, ಇದಕ್ಕ ಇಷ್ಟು ರೊಕ್ಕನಾ" ಅಂತ ಅದನ್ನೂ ಇಡ್ತಾರ. ಕಡೀಕ 200 ಪುಟದ್ದೊಂದು ತಗೊಂಡು ಮನಿಗೆ ಬರ್ತಾರ, ಅದರಾಗ ಏನೈತಿ ಅನ್ನೋದಕ್ಕಿಂತ ಅದು ಹಿಡಿಯೋ ಜಾಗ ನೋಡಿನೇ ತಗೊಂಡಿರ್ತಾರ.

ಆದ್ರ ಉದ್ದ ಅಂದ್ರ ನಮ್ಮ ಮಂದಿಗೆ ಅಂಜಿಕಿ ಅಂತ ನಾನು ಒಪ್ಪೂದಿಲ್ಲ. ರಾತ್ರಿ ಹತ್ತಕ್ಕ ಶುರುವಾದ ಬಯಲಾಟಕ್ಕ ಬೆಳಕು ಹರಿಯೋತನಾ ಕುಂತೋರು ನಾವು. ಶ್ರಾವಣದಾಗ ಊರ ಮಠದೊಳಗ ಪುರಾಣ ಹಚ್ಚಿದ್ರ ತಿಂಗಳಿಡೀ ದಿನಾ ಸಂಜಿಗೆ ಹೋಗಿ ಕೇಳ್ತೀವಿ, ಮಂಗಲದ ದಿನ ಪ್ರಸಾದ ಉಂಡು ಬರ್ತೀವಿ. ಆ ಪುರಾಣದ ಪುಸ್ತಕ ಕೈಯಾಗ ಹಿಡದು ನೋಡ್ರಿ, ಯಾವ ಕಾದಂಬರಿಗೂ ಕಡಿಮಿ ಇಲ್ಲ ಅದು. 2010ರಾಗ ಮೈಸೂರಿನ ರಂಗಾಯಣದೋರು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿನ ರಾತ್ರಿಯಿಡೀ ನಾಟಕ ಮಾಡಿದಾಗ ಮಂದಿ ಕಂಬಳಿ ಹೊದ್ಕೊಂಡು ಕುಂತು ನೋಡಿದ್ರು, ಅದೇ ಪುಸ್ತಕ ಮನ್ಯಾಗ ಕಪಾಟಿನಾಗ ಇದ್ರ ಧೂಳು ಹೊಡೀತಿರ್ತೈತಿ. ಅಂದ್ಮ್ಯಾಲ ತ್ರಾಸು ಉದ್ದದ್ದಲ್ಲ. ಆಟಕ್ಕ ಪುರಾಣಕ್ಕ ಹೊತ್ತು ಮೊದ್ಲ ಗೊತ್ತಿರ್ತೈತಿ, ಇಷ್ಟಕ್ಕ ಶುರು, ಇಷ್ಟಕ್ಕ ಇವತ್ತಿಂದು ಮುಗೀತು ಅಂತ. ಪುಸ್ತಕಕ್ಕ ಆ ಹೊತ್ತನ್ನ ನಾವೇ ಗೊತ್ತು ಮಾಡ್ಬೇಕು, ಯಾರೂ ಡಂಗುರ ಸಾರೂದಿಲ್ಲ. ಅದನ್ನ ಮಾಡೋದು ಹೆಂಗ ಅಂತ ಹೇಳ್ತೀನಿ.

ಮೊದ್ಲ ಮಾಡೋದು: ಕಡೀ ಪುಟದ ನಂಬರ್ ನಂಬಬ್ಯಾಡ್ರಿ

ಪುಸ್ತಕದ ಒಳಗ ಎರಡನೇ ಮೂರನೇ ಪುಟದಾಗ ಸಣ್ಣ ಅಕ್ಷರದಾಗ ಒಂದು ವಿವರ ಇರ್ತೈತಿ, ಪುಟಗಳು ಇಷ್ಟು, ಆಕಾರ ಡೆಮಿ 1/8, ಬಳಸಿದ ಕಾಗದ 70 ಜಿಎಸ್‌ಎಂ ಮ್ಯಾಪ್ಲಿಥೋ ಅಂತ. ಅದನ್ನ ಯಾರೂ ಓದೂದಿಲ್ಲ, ಆದ್ರ ಉದ್ದದ ಲೆಕ್ಕ ಇರೋದು ಅಲ್ಲೇ. ಡೆಮಿ 1/8 ಅಂದ್ರ ಸುಮಾರು ಐದೂವರಿ ಇಂಚು ಅಗಲ, ಎಂಟೂವರಿ ಇಂಚು ಎತ್ತರ. ಕ್ರೌನ್ 1/8 ಅದಕ್ಕಿಂತ ಸಣ್ಣದು, ಎತ್ತರ ಏಳು ಏಳೂಕಾಲು ಇಂಚು ಅಷ್ಟ. ಜಿಎಸ್‌ಎಂ ಅಂದ್ರ ಕಾಗದದ ತೂಕದ ಅಳತಿ, ಮ್ಯಾಪ್ಲಿಥೋ ಅಂದ್ರ ಅಚ್ಚಿಗೆ ಬಳಸೋ ಒಂದು ನಮೂನಿ ಕಾಗದ. ಕಾಗದ ದಪ್ಪ ಇದ್ರ ಅದೇ ಪುಟದ ಪುಸ್ತಕ ಉಬ್ಬಿ ಕಾಣತೈತಿ, ತೆಳು ಇದ್ರ ಸೊರಗಿ ಕಾಣತೈತಿ. ಹಳೇ ಕಾದಂಬರಿ ಕ್ರೌನ್‌ದಾಗ ಒತ್ತೊತ್ತಾಗಿ ಅಚ್ಚಾಗಿದ್ದು, ಈಗಿನ ಹೊಸ ಮುದ್ರಣ ಡೆಮಿದಾಗ ದೊಡ್ಡ ಅಕ್ಷರದಾಗ ಬಂದ್ರ ಪುಟದ ಸಂಖ್ಯೆ ಎಲ್ಲೋ ಹೋಗಿರ್ತೈತಿ, ಕಥಿ ಮಾತ್ರ ಅಷ್ಟೇ.

ಹಂಗಾಗಿ ಅಂಗಡ್ಯಾಗ ನಿಂತಲ್ಲೇ ಒಂದು ಪುಟ ತಗದು ಸಾಲು ಎಣಸ್ರಿ, ಒಂದು ಸಾಲಿನಾಗ ಎಷ್ಟು ಪದ ಅದಾವ ನೋಡ್ರಿ, ಗುಣಸ್ರಿ. ಒಂದು ಪುಸ್ತಕದಾಗ ಪುಟಕ್ಕ 28 ಸಾಲು, ಸಾಲಿಗೆ 8 ಪದ ಅಂದ್ರ ಪುಟಕ್ಕ 224 ಪದ. ಇನ್ನೊಂದರಾಗ 36 ಸಾಲು, 9 ಪದ, ಅಂದ್ರ 324. ಮೊದಲನೇದು 400 ಪುಟ ಇದ್ರ ಒಟ್ಟು 89,600 ಪದ ಆತು. ಎರಡನೇದು 300 ಪುಟ ಅಷ್ಟೇ ಇದ್ರೂ 97,200 ಪದ. ನೀವು "ಸಣ್ಣದು" ಅಂತ ಎತ್ಕೊಂಡಿದ್ದೇ ದೊಡ್ಡದು. ಸಂಭಾಷಣೆ ಭಾಳ ಇರೋ ಪುಟದಾಗ ಅರ್ಧ ಜಾಗ ಖಾಲಿ ಇರ್ತೈತಿ, ಅದನ್ನೂ ಗಮನದಾಗ ಇಟ್ಕೊಳ್ರಿ, ಎರಡು ಮೂರು ಪುಟ ನೋಡಿ ಸರಾಸರಿ ತಗದ್ರ ಸಾಕು, ಪರೀಕ್ಷಾ ಏನಲ್ಲ ಇದು.

ಆಮ್ಯಾಲ ಕಳಿಯೋ ಲೆಕ್ಕ. ಕನ್ನಡ ಪುಸ್ತಕದಾಗ ಪ್ರಕಾಶಕರ ಮಾತು, ಲೇಖಕರ ಮಾತು, ಮುನ್ನುಡಿ, ಎರಡನೇ ಮುದ್ರಣದ ಅರಿಕೆ, ಹಿಂದ ಒಂದಿಷ್ಟು ಅಭಿಪ್ರಾಯ, ವಿಮರ್ಶೆ, ಪಟ್ಟಿ ಎಲ್ಲಾ ಸೇರಿ ಒಮ್ಮೊಮ್ಮೆ ಮೂವತ್ತು ನಲವತ್ತು ಪುಟ ತಿಂದಿರ್ತಾವ. ಅವನ್ನ ತಗದು ಲೆಕ್ಕ ಹಾಕ್ರಿ. ಮುನ್ನುಡಿ ಕಡೀಕ ಓದ್ರಿ ಅಂತ ನನ್ನ ಸಲಹೆ, ಯಾಕಂದ್ರ ನಮ್ಮ ಮುನ್ನುಡಿ ಬರಿಯೋರು ಕಥಿಯೊಳಗ ಸತ್ತೋರ್ಯಾರು ಉಳಿದೋರ್ಯಾರು ಅಂತ ಅಲ್ಲೇ ಹೇಳಿಬಿಡ್ತಾರ, ಅವರಿಗೆ ಅದರ ಖಬರೇ ಇರೂದಿಲ್ಲ.

ನಿಮ್ಮ ಓದಿನ ವೇಗ, ಮತ್ತ ನಿಮ್ಮ ಹೊತ್ತು

ಫೋನಿನಾಗ ಟೈಮರ್ ಹಚ್ಚಿ ಹತ್ತು ಪುಟ ಓದ್ರಿ. ಮೊದಲನೇ ಪುಟದಿಂದ ಬ್ಯಾಡ, ಶುರುವಿನಾಗ ಎಲ್ಲಾರೂ ನಿಧಾನನೇ. ಐವತ್ತು ಪುಟ ದಾಟಿದ ಮ್ಯಾಲ ಅಳದ್ರ ಖರೇ ವೇಗ ಸಿಗತೈತಿ. ಹತ್ತು ಪುಟಕ್ಕ 20 ನಿಮಿಷ ಆತು ಅಂತ ಇಟ್ಕೊಳ್ರಿ, ಪುಟಕ್ಕ ಎರಡು ನಿಮಿಷ. 640 ಪುಟಕ್ಕ 1,280 ನಿಮಿಷ, ಅಂದ್ರ 21 ತಾಸು 20 ನಿಮಿಷ. ದಿನಾ 40 ನಿಮಿಷ ಓದಿದ್ರ 32 ದಿನ. ಒಂದು ಶ್ರಾವಣ ಪುರಾಣ, ಮ್ಯಾಲ ಎರಡು ದಿನ. 640 ಅಂದಾಗ ಇದ್ದ ಅಂಜಿಕಿ 32 ದಿನ ಅಂದಾಗ ಇರೂದಿಲ್ಲ, ನೀವೇ ಲೆಕ್ಕ ಹಾಕಿ ನೋಡ್ರಿ.

ಇಲ್ಲೊಂದು ಮಾತು ನಮ್ಮ ಕಡೆಯೋರಿಗೆ ಅಂತಾನೇ ಹೇಳ್ಬೇಕು. ಭಾಷೆ ಮ್ಯಾಲೂ ಉದ್ದ ಬದಲಾಗತೈತಿ. ಮದುಮಗಳು ಓದಾಕ ಕುಂತ್ರ ಮಲೆನಾಡಿನ ಮಳಿ, ಕಾಡು, ಜಿಗಣಿ, ಗದ್ದಿ ಮನಿ, ಅವರ ಮಾತು, ಎಲ್ಲಾ ನಮಗ ಹೊಸದು. ಬಿಸಿಲಾಗ ಬೆಳದೋರು ನಾವು, ಪುಟಕ್ಕ ಎರಡು ನಿಮಿಷ ಅಲ್ಲ ಮೂರು ಬೇಕಾಗ್ತೈತಿ. ಅದೇ ಕೊಟ್ಟೂರಿನ ಕುಂ. ವೀರಭದ್ರಪ್ಪ ಅವರ 'ಅರಮನೆ' ತಗೋರಿ, 2007ರಾಗ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ, ಅದೂ ದಪ್ಪನೇ ಐತಿ, ವಾಕ್ಯ ಒಮ್ಮೊಮ್ಮೆ ಮುಗಿಯೂದೇ ಇಲ್ಲ, ಆದ್ರ ಆ ಮಾತು ನಮ್ಮ ಕಟ್ಟಿ ಮ್ಯಾಲ ಕುಂತೋರ ಮಾತಿನಂಗ ಕಿವಿಗೆ ಬೀಳ್ತೈತಿ. ಬಳ್ಳಾರಿ ಕಡೆ ಓದುಗರು ಅದನ್ನ ಬಾಯಿ ಬಿಟ್ಟು ಓದಿದ್ರ ಓಡತೈತಿ, ಬ್ಯಾರೆ ಕಡೆ ಓದುಗರು ಅದೇ ಪುಟದಾಗ ನಿಂತು ನಿಂತು ಹೋಗ್ಬೇಕು. ಅದಕ್ಕ ಇನ್ನೊಬ್ರು "ನಾ ಎರಡು ದಿನದಾಗ ಮುಗಿಸಿದೆ" ಅಂದ್ರ ತಲಿಗೆ ಹಚ್ಕೋಬ್ಯಾಡ್ರಿ.

ಹೊತ್ತು ಎಲ್ಲಿಂದ ತರೋದು ಅನ್ನೋದು ದೊಡ್ಡ ಪ್ರಶ್ನೆ. ಬೆಳಿಗ್ಗೆ ಐದಕ್ಕ ಎದ್ದು ಓದ್ರಿ ಅಂತ ಎಲ್ಲಾರೂ ಹೇಳ್ತಾರ, ಏಳೋರು ಎಷ್ಟು ಮಂದಿ. ಕೊಪ್ಪಳ, ಬಳ್ಳಾರಿ, ರಾಯಚೂರು, ನಮ್ಮ ಈ ಮೂರು ಜಿಲ್ಲೆದಾಗ ಬ್ಯಾಸಗಿ ಮಧ್ಯಾಹ್ನ ಇರ್ತೈತಲ್ಲ, ಏಪ್ರಿಲ್ ಮೇದಾಗ 40 ಡಿಗ್ರಿ ದಾಟಿ ಹನ್ನೆರಡರಿಂದ ನಾಲ್ಕರ ತನಾ ಹೊರಗ ಕಾಲಿಡಾಕ ಆಗೂದಿಲ್ಲ, ಆ ಹೊತ್ತು ದಪ್ಪ ಪುಸ್ತಕಕ್ಕ ಹೇಳಿ ಮಾಡಿಸಿದ್ದು. ಕರೆಂಟ್ ಹೋದ್ರ ಕಿಟಕಿ ಹತ್ರ ಕುಂದ್ರ್ರಿ, ಫೋನ್ ಚಾರ್ಜ್ ಉಳಿಸಬೇಕಲ್ಲ ಅನ್ನೋ ನೆಪದಾಗ ಓದು ಆಗ್ತೈತಿ. ಬ್ಯಾಸಗಿ ರಜಾ ಇರೋ ಮಾಸ್ತರು, ಕಾಲೇಜ್ ಹುಡುಗರು, ಮನ್ಯಾಗ ಇರೋರು, ವರ್ಷದ ಒಂದೇ ದಪ್ಪ ಕಾದಂಬರಿ ಇಲ್ಲಿಗೆ ಇಟ್ಕೊಳ್ರಿ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಭತ್ತದ ಹೊಲ ಇದ್ದೋರು ನಾಟಿ ಹೊತ್ತಿನಾಗ, ಕೊಯ್ಲಿನ ಹೊತ್ತಿನಾಗ ದೊಡ್ಡದು ಹಿಡಿಯಾಕ ಹೋಗಬ್ಯಾಡ್ರಿ, ನಡಕ ಬಿಟ್ಟು ಬಿಡ್ತೀರಿ, ಬಿಟ್ಟ ಪುಸ್ತಕ ಮತ್ತ ಹಿಡಿಯೋದು ಹೊಸದು ಹಿಡಿಯೋದಕ್ಕಿಂತ ಕಠಿಣ.

ಬಸ್ಸು ಅಂತೀರಿ? ಮಾನ್ವಿ, ಸಿಂಧನೂರು ಮ್ಯಾಲಿಂದ ಬಳ್ಳಾರಿಗೆ ಬರೋ ಬಸ್ಸಿನಾಗ ಕಾದಂಬರಿ ಓದೋದು ಅಂದ್ರ ಕಣ್ಣಿಗೆ ಶಿಕ್ಷೆ, ಕುಲುಕಾಟಕ್ಕ ಸಾಲು ತಪ್ಪತೈತಿ, ಹೊಟ್ಟಿ ತೊಳಸತೈತಿ. ಅಲ್ಲಿ ಆಡಿಯೋ ಚೊಲೋ. ರೈಲು ಬ್ಯಾರೆ. ಕೊಪ್ಪಳದಿಂದ ಬಳ್ಳಾರಿ, ಗುಂತಕಲ್ ಕಡೆ ಹಗಲು ರೈಲಿನಾಗ ಕಿಟಕಿ ಸೀಟ್ ಸಿಕ್ರ ಎರಡು ಮೂರು ತಾಸು ಯಾರ ಕಾಟನೂ ಇಲ್ಲ. ಹಂಪಿ ಎಕ್ಸ್‌ಪ್ರೆಸ್ಸಿನಾಗ ಬೆಂಗಳೂರಿಗೆ ಹೊಂಟ್ರ ಮಾತ್ರ ಆಸೆ ಇಟ್ಕೋಬ್ಯಾಡ್ರಿ, ಹತ್ತಾತು ಅಂದ್ರ ಯಾರೋ ಒಬ್ರು ಲೈಟ್ ಆರಸ್ರಿ ಅಂತಾರ.

ಹೊತ್ತಿಗೆ ತಕ್ಕ ಪುಸ್ತಕ

ಅರ್ಧ ತಾಸು ಇದ್ರ ಸಣ್ಣಕಥಿ. ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ 1842ರಾಗೇ ಹೇಳಿದ್ದ, ಅರ್ಧ ತಾಸಿನಿಂದ ಒಂದೆರಡು ತಾಸಿನಾಗ ಒಂದೇ ಕೂಡ್ರಿಕ್ಯಾಗ ಮುಗಿಯೋ ಬರಹಕ್ಕ ಒಂದು ಶಕ್ತಿ ಇರ್ತೈತಿ, ನಡಕ ಎದ್ದು ಹೋದ್ರ ಅದು ಕಡದು ಹೋಗ್ತೈತಿ ಅಂತ. ಓದೋ ಅಭ್ಯಾಸನೇ ಬಿಟ್ಟು ವರ್ಷಗಟ್ಟಲೆ ಆದೋರು ಇಲ್ಲಿಂದನೇ ಶುರು ಮಾಡ್ರಿ. ರಾಯಚೂರು ಜಿಲ್ಲೆಯ ಅಮರೇಶ ನುಗಡೋಣಿ ಅವರ ಕಥಿಗಳು ಅದಾವ, ಶಾಂತರಸರ ಕಥಿಗಳು ಅದಾವ, ಊರು ಹೊಲ ಮಠ ಗೌಡಿಕಿ ಎಲ್ಲಾ ಗುರ್ತಿನವೇ ಇರ್ತಾವ, ಹಂಗಾಗಿ ಒಳಗ ಹೋಗಾಕ ಹೊತ್ತು ಹಿಡಿಯೂದಿಲ್ಲ.

ಆದ್ರ ಇಲ್ಲೊಂದು ಮೋಸ ಐತಿ. 200 ಪುಟದ ಕಥಾ ಸಂಕಲನ 200 ಪುಟದ ಕಾದಂಬರಿಗಿಂತ ಸುಲಭ ಅಂತ ತಿಳ್ಕೋಬ್ಯಾಡ್ರಿ. ಓದೋದ್ರಾಗ ಕಷ್ಟ ಇರೋದು ಶುರುವಿನಾಗ, ಇವ ಯಾರು, ಇದು ಯಾವೂರು, ಇವರ ನಡಕ ಏನೈತಿ ಅಂತ ತಿಳಿಯೋತನಾ. ಕಾದಂಬರಿದಾಗ ಆ ಕಷ್ಟ ಒಮ್ಮೆ ಪಟ್ರ ಸಾಕು. ಹತ್ತು ಕಥಿ ಇದ್ರ ಹತ್ತು ಸಲ ಪಡ್ಬೇಕು. ಅದಕ್ಕೇ ಸಂಕಲನ ತಗೊಂಡೋರು ಮೂರು ಕಥಿ ಓದಿ ಇಟ್ಟು ಬಿಡ್ತಾರ, ದಪ್ಪ ಕಾದಂಬರಿ ಹಿಡದೋರು ಎಂಬತ್ತು ಪುಟ ದಾಟಿದ್ರ ರಾತ್ರಿ ಎರಡರ ತನಾ ಓದ್ತಾರ. ಸಂಕಲನ ಆದ್ರ ದಿನಕ್ಕ ಒಂದೇ ಕಥಿ, ಸಾಲಾಗಿ ಎರಡು ಮೂರು ಓದಿದ್ರ ಒಂದರ ಗೌಡ ಇನ್ನೊಂದರಾಗ ಬಂದು ಕುಂತಂಗ ಆಗ್ತೈತಿ.

ತೆಳ್ಳಗ ಇದ್ದದ್ದು ಬೇಗ ಮುಗೀತೈತಿ ಅನ್ನೋದೂ ಸುಳ್ಳು. ವಚನದ ಪುಸ್ತಕ ಓದ್ರಿ, ನಾಲ್ಕು ಸಾಲು ಅರ್ಧ ನಿಮಿಷದಾಗ ಮುಗೀತಾವ, ತಲ್ಯಾಗ ವಾರ ಇರ್ತಾವ. ನಮ್ಮ ಮಸ್ಕಿ ಶಾಸನನ ತಗೋರಿ, ಒಂದು ಬಂಡೆಗಲ್ಲಿನ ಮ್ಯಾಲ ಕೆಲವು ಸಾಲು ಅಷ್ಟೇ, 1915ರಾಗ ಸಿಕ್ಕಿದ್ದು, ದೇವಾನಾಂಪಿಯ ಅನ್ನೋನು ಅಶೋಕನೇ ಅಂತ ಹೆಸರು ಹಿಡದು ಹೇಳಿದ್ದೇ ಅದು, ನೂರು ವರ್ಷ ದಾಟಿದ್ರೂ ವಿದ್ವಾಂಸರು ಇನ್ನೂ ಅದರ ಬಗ್ಗೆ ಬರೆಯಾಕತ್ತಾರ. ರೊಕ್ಕಕ್ಕ ತಕ್ಕ ಪುಟ ಬೇಕು ಅನ್ನೋರು ಇದನ್ನ ಒಂದೀಟು ನೆನಸ್ಕೊಳ್ರಿ.

ದಪ್ಪಂದನ್ನ ಒಡಿಯೋ ವಿಧಾನ

ಇದು ಪುರಾಣದ ಮಠದಿಂದಾನೇ ಕಲೀಬೇಕು. ಕುಮಾರವ್ಯಾಸನ ಭಾರತ ಒಟ್ಟು ತೂಕಕ್ಕ ನೋಡಿದ್ರ ಯಾರಿಗೂ ಧೈರ್ಯ ಬರೂದಿಲ್ಲ, ಆದ್ರ ಅದು ಹತ್ತು ಪರ್ವ, 152 ಸಂಧಿ. ದಿನಕ್ಕೊಂದು ಸಂಧಿ ಅಂದ್ರ ಐದು ತಿಂಗಳು. ಮಾನ್ವಿ ಜಗನ್ನಾಥದಾಸರ ಹರಿಕಥಾಮೃತಸಾರ 32 ಸಂಧಿ, ಹೆಚ್ಚು ಕಡಿಮಿ ತಿಂಗಳು. ಹಳಬರು ಬರೀವಾಗ್ಲೇ ನಿಲ್ಲೋ ಜಾಗ ಮಾಡಿ ಇಟ್ಟಾರ. ಈಗಿನ ಕಾದಂಬರಿದಾಗೂ ಅಧ್ಯಾಯ ಇರ್ತಾವ, ಆದ್ರ ಕೆಲವರದಾಗ ಒಂದೊಂದು ಅಧ್ಯಾಯ ಅರವತ್ತು ಪುಟ. ಅಂಥಲ್ಲಿ ನೀವೇ ಒಡೀರಿ. ಬಣ್ಣದ ದಾರ ಅಥವಾ ಕಾಗದದ ಚೀಟಿ ತಗೊಂಡು ಎಂಬತ್ತು ಪುಟಕ್ಕೊಂದು ಸಿಗಸ್ರಿ. 640 ಪುಟಕ್ಕ ಎಂಟು ತುಂಡು ಆದ್ವು. ಒಂದು ತುಂಡು ಮುಗಿದ ಮ್ಯಾಲ ಆ ಚೀಟಿ ಕಿತ್ತು ಒಗೀರಿ.

ಇದು ಮಕ್ಕಳಾಟ ಅನ್ನಸ್ಬಹುದು. ಕ್ಲಾರ್ಕ್ ಹಲ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ 1930ರ ದಶಕದಾಗ ಇಲಿಗಳನ್ನ ಓಡಿಸಿ ನೋಡಿದ್ದ, ತಿನ್ನೋ ಜಾಗ ಹತ್ರ ಬಂದಂಗ ಅವುಗಳ ಓಟ ಜೋರಾಗ್ತಿತ್ತು. ಮನುಷ್ಯಾರೂ ಹಂಗೇ, ಮುಕ್ತಾಯ ಕಾಣೋ ದೂರದಾಗ ಇದ್ರ ಕಾಲು ತಾವೇ ಓಡತಾವ. 640ನೇ ಪುಟ ಕಣ್ಣಿಗೆ ಕಾಣೂದಿಲ್ಲ, 80ನೇ ಪುಟ ಕಾಣತೈತಿ. 1965ರಿಂದ ಸುಧಾ ಬಂತಲ್ಲ, ಅದರಾಗ, ಬ್ಯಾರೆ ವಾರಪತ್ರಿಕೆದಾಗ ಬರೋ ಧಾರಾವಾಹಿನ ನಮ್ಮ ಅವ್ವ ಅಜ್ಜಿಯರು ವಾರಕ್ಕಿಷ್ಟು ಅಂತ ಓದಿ, ಹಾಳೆ ಹರದು ಹೊಲದು ಇಟ್ಕೊಂಡು, ನಾಲ್ಕುನೂರು ಪುಟದ್ದು ಗೊತ್ತೇ ಆಗದಂಗ ಮುಗಿಸಿರ್ತಿದ್ರು. "ನನಗ ದಪ್ಪ ಕಾದಂಬರಿ ಓದಾಕ ಆಗೂದಿಲ್ಲ" ಅಂತ ಅವರ್ಯಾರೂ ಅಂದಿದ್ದಿಲ್ಲ.

ದಿನಾ ಎಲ್ಲಿ ನಿಲ್ಲಿಸ್ಬೇಕು ಅನ್ನೋದರ ಮ್ಯಾಲೂ ಭಾಳ ನಿಂತೈತಿ. ಪುರಾಣಿಕರು ಕಥಿ ಬಿಗಿ ಬಂದಲ್ಲೇ ನಿಲ್ಲಸಿ "ಮುಂದಿಂದು ನಾಳೆ" ಅಂತಾರ, ನಾಳೆ ಮಠ ತುಂಬಿರ್ತೈತಿ. ನೀವೂ ಅಧ್ಯಾಯ ಮುಗಿಸಿ ನಿಲ್ಲೋ ಹಟ ಬಿಟ್ಟು, ಏನೋ ಆಗೂದೈತಿ ಅನ್ನೋವಾಗ ಪುಸ್ತಕ ಮುಚ್ಚರಿ. ಮರುದಿನ ಕೈ ತಾನೇ ಹೋಗ್ತೈತಿ.

ಭಾಳ ಪಾತ್ರ ಇರೋ ಕಾದಂಬರಿಗೆ ಒಂದು ಚೀಟಿ ಮ್ಯಾಲ ಹೆಸರು ಬರ್ಕೊಳ್ರಿ, ಇವ ಇವನ ಅಣ್ಣ, ಈಕಿ ಆ ಮನಿ ಸೊಸಿ ಅಂತ. ಅದೇ ಚೀಟಿ ಗುರುತಿಗೂ ಆತು. ಅರ್ಧ ಮಂದಿ ದೊಡ್ಡ ಕಾದಂಬರಿ ಬಿಡೋದು ಬೇಜಾರಿಗಲ್ಲ, ನೂರಿಪ್ಪತ್ತನೇ ಪುಟದಾಗ ಬಂದೋನು ಯಾರು ಅಂತ ನೆನಪು ಹಾರಿ ಹೋಗಿರ್ತೈತಿ, ಹಿಂದ ಹುಡುಕಾಕ ಬ್ಯಾಸರ, ಅಷ್ಟೇ.

ಇನ್ನು ತೂಕ. ಮಲ್ಕೊಂಡು ಓದೋರಿಗೆ ಏಳುನೂರು ಪುಟದ ಗಟ್ಟಿ ರಟ್ಟಿನ ಪುಸ್ತಕ ಎದಿ ಮ್ಯಾಲ ಇಟ್ಕೊಂಡ್ರ ಕೈ ಸೋಲತಾವ, ಕೈ ಸೋತ್ರ ಮನಸ್ಸು ಪುಸ್ತಕದ ಮ್ಯಾಲ ಸಿಟ್ಟಾಗ್ತೈತಿ. ತೊಡಿ ಮ್ಯಾಲ ದಿಂಬು ಇಟ್ಟು ಅದರ ಮ್ಯಾಲ ಪುಸ್ತಕ ಇಡ್ರಿ. ನಿಮ್ಮದೇ ಸ್ವಂತ ಹಳೇ ಪ್ರತಿ ಇದ್ದು, ಅದರ ಬೆನ್ನು ಹೆಂಗೂ ಬಿಚ್ಚಿದ್ರ, ಬೈಂಡಿಂಗ್ ಮಾಡೋರ ಹತ್ರ ಕೊಟ್ಟು ಎರಡು ಸಂಪುಟ ಮಾಡಸ್ರಿ. ಪುಸ್ತಕ ಪ್ರೇಮಿಗಳು ಅಯ್ಯಯ್ಯ ಅಂತಾರ, ಅನ್ಲಿ ಬಿಡ್ರಿ, ಕಪಾಟಿನಾಗ ಇಡಿಯಾಗಿ ಇದ್ದು ಯಾರೂ ಓದದಿದ್ರ ಏನು ಬಂತು. ಲೈಬ್ರರಿ ಪುಸ್ತಕಕ್ಕ ಮಾತ್ರ ಈ ಕೆಲಸ ಮಾಡಬ್ಯಾಡ್ರಿ.

ಬಿಡೋದು ಯಾವಾಗ

ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಒಂದು ನಿಯಮ ಹೇಳ್ತಾರ: 50 ಪುಟ ಓದ್ರಿ, ಹಿಡಸಲಿಲ್ಲಂದ್ರ ಬಿಡ್ರಿ. ನಿಮ್ಮ ವಯಸ್ಸು 50 ದಾಟಿದ್ರ 100ರಾಗ ವಯಸ್ಸು ಕಳೀರಿ, ಉಳಿದಷ್ಟು ಪುಟ ಸಾಕು. 60 ವರ್ಷದೋರಿಗೆ 40 ಪುಟ. ವಯಸ್ಸಾದಂಗ ಹೊತ್ತು ಕಡಿಮಿ ಅಲ್ಲೇನು. ನಿಯಮ ಚೊಲೋ ಐತಿ, ಆದ್ರ ನಮ್ಮ ದಪ್ಪ ಕಾದಂಬರಿಗೆ 50 ಸಾಲೂದಿಲ್ಲ, ಅಲ್ಲಿ ಐವತ್ತು ಪುಟ ಅಂದ್ರ ಊರ ಅಗಸಿ ದಾಟಿರೂದಿಲ್ಲ ಇನ್ನೂ. ನಾನಾದ್ರ ಹತ್ತನೇ ಒಂದು ಪಾಲು ಅಂತೀನಿ, 700 ಪುಟಕ್ಕ 70. ಅಷ್ಟಕ್ಕೂ ಒಳಗ ಎಳೀಲಿಲ್ಲಂದ್ರ ಪುಸ್ತಕದ್ದೂ ತಪ್ಪಲ್ಲ, ನಿಮ್ಮದೂ ತಪ್ಪಲ್ಲ, ಮುಚ್ಚಿ ಇಡ್ರಿ. "ರೊಕ್ಕ ಕೊಟ್ಟೀನಿ" ಅಂತ ಹಲ್ಲು ಕಚ್ಚಿ ಓದೋರು ಇರ್ತಾರ, ಅವರು ರೊಕ್ಕ ಕಳ್ಕೊಂಡದ್ದಲ್ಲದ ಮ್ಯಾಲ ಇಪ್ಪತ್ತು ತಾಸೂ ಕಳ್ಕೊತಾರ, ಆಮ್ಯಾಲ ವರ್ಷಗಟ್ಟಲೆ ಇನ್ನೊಂದು ಪುಸ್ತಕ ಮುಟ್ಟೂದಿಲ್ಲ.

ಈ ರೊಕ್ಕದ ತಾಪತ್ರಯ ಬ್ಯಾಡಂದ್ರ ದಪ್ಪ ಪುಸ್ತಕ ಮೊದ್ಲ ಲೈಬ್ರರಿಯಿಂದ ತರ್ರಿ. ಜಿಲ್ಲಾ ಗ್ರಂಥಾಲಯದಾಗ ಹಳೇ ಕಾದಂಬರಿ ಇರ್ತಾವ, ಮೆಂಬರ್ ಆಗಾಕ ಭಾಳ ಖರ್ಚಿಲ್ಲ. 70 ಪುಟ ಓದಿ ಹಿಡಸಿದ್ರ ಆಗ ಸ್ವಂತಕ್ಕ ಕೊಳ್ರಿ. ವಾಪಸ್ ಕೊಡೋ ಗಡುವು ಇರೋದೂ ಒಳ್ಳೇದೇ, ತಾರೀಖು ಹತ್ರ ಬಂದಂಗ ಓದು ಓಡತೈತಿ. ಮೊಬೈಲಿನಾಗ ಓದೋರಿಗೆ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಐತಿ, ಕನ್ನಡ ಇ-ಪುಸ್ತಕ, ಆಡಿಯೋಗೆ ಮೈಲ್ಯಾಂಗ್ ಆ್ಯಪ್ ಐತಿ. ಪರದೆ ಮ್ಯಾಲ ದಪ್ಪ ಕಾಣೂದಿಲ್ಲ, ಶೇಕಡಾ ಇಷ್ಟು ಆತು ಅಂತ ಮಾತ್ರ ತೋರಸ್ತೈತಿ, ದಪ್ಪ ನೋಡಿ ಅಂಜೋರಿಗೆ ಇದು ಅನುಕೂಲ. ಆದ್ರ ಬಲಗೈಯಾಗ ಪುಟ ಕಡಿಮಿ ಆಗ್ಕೋತ ಹೋಗೋ ಖುಷಿ ಅದರಾಗ ಸಿಗೂದಿಲ್ಲ, ಅಕ್ಷರ ದೊಡ್ಡದು ಮಾಡಿದ್ರ ಪುಟದ ಲೆಕ್ಕನೂ ಕೈಗೆ ಸಿಗೂದಿಲ್ಲ.

ಇನ್ನೊಂದು, ವರ್ಷಕ್ಕ 50 ಪುಸ್ತಕ ಓದ್ತೀನಿ ಅಂತ ಜನವರಿದಾಗ ಪಣ ತೊಡೋರು. ಅದು ನನಗ ಸೇರೂದಿಲ್ಲ. ಸಂಖ್ಯೆ ಹಿಂದ ಬಿದ್ದೋರು ಡಿಸೆಂಬರ್ ಬಂತಂದ್ರ 60 ಪುಟದ್ದು ಹುಡುಕ್ಕೋತ ಹೋಗ್ತಾರ, ದೊಡ್ಡ ಕಾದಂಬರಿ ಮುಟ್ಟಿದ್ರ ಲೆಕ್ಕ ಹಿಂದ ಬೀಳ್ತೈತಲ್ಲ. ಎಣಸಲೇಬೇಕು ಅಂದ್ರ ತಾಸು ಎಣಸ್ರಿ, ವರ್ಷಕ್ಕ ಇಷ್ಟು ತಾಸು ಓದಿದೆ ಅಂತ. ಆಗ 21 ತಾಸಿನ ಒಂದು ಪುಸ್ತಕನೂ, ಮೂರು ಮೂರು ತಾಸಿನ ಏಳು ಪುಸ್ತಕನೂ ಒಂದೇ.

ಶಾಲಿ ಹುಡುಗರಿಗೆ ಪುಸ್ತಕ ಕೊಡೋರು ಎಷ್ಟು ಪುಟ ಅಂತ ಹೇಳಬ್ಯಾಡ್ರಿ, ಮೊದಲನೇ ಹತ್ತು ಪುಟ ನೀವೇ ಬಾಯಿ ಬಿಟ್ಟು ಓದಿ ಹೇಳ್ರಿ. ಮುಂದಿಂದು ಅವರೇ ಕೇಳ್ತಾರ, ಕೇಳಲಿಲ್ಲಂದ್ರ ಬ್ಯಾರೆ ಪುಸ್ತಕ.

ಕಡೀದಾಗಿ ನಡಕ ನಿಂತು ಹೋದ ಪುಸ್ತಕದ ಮಾತು. ಮದುವಿ ಬಂತು, ಊರ ಜಾತ್ರಿ ಬಂತು, ಮೂರು ವಾರ ಪುಸ್ತಕ ಮುಟ್ಟಲಿಲ್ಲ, ಈಗ 310ನೇ ಪುಟದಾಗ ಚೀಟಿ ಐತಿ, ಹಿಂದಿಂದು ಮರತೈತಿ. ಭಾಳ ಮಂದಿ ಇಂಥಲ್ಲಿ ಮೊದಲಿನಿಂದ ಶುರು ಮಾಡ್ತಾರ, ಮತ್ತ 150ಕ್ಕ ನಿಲ್ಲತಾರ. ಹಂಗ ಮಾಡಬ್ಯಾಡ್ರಿ. ಹೆಸರಿನ ಚೀಟಿ ಒಮ್ಮೆ ನೋಡ್ರಿ, ನಿಲ್ಲಿಸಿದ್ದಕ್ಕಿಂತ ಹತ್ತು ಪುಟ ಹಿಂದ ಹೋಗಿ ಅಲ್ಲಿಂದ ಓದ್ರಿ. ಮರ್ತ ಪಾತ್ರಗಳು ತಾವಾಗೇ ಗುರುತು ಹೇಳ್ಕೋತ ಬರ್ತಾವ, ಲೇಖಕರಿಗೂ ಓದುಗ ಮರೀತಾನ ಅನ್ನೋದು ಗೊತ್ತಿರ್ತೈತಿ. ಹತ್ತು ಪುಟಕ್ಕೂ ನೆನಪು ಬರಲಿಲ್ಲಂದ್ರ ಆ ಎಂಬತ್ತು ಪುಟದ ತುಂಡಿನ ಶುರುವಿಗೆ ಹೋಗ್ರಿ, ಅದಕ್ಕಿಂತ ಹಿಂದ ಹೋಗಬ್ಯಾಡ್ರಿ.